50 ಕೆಜಿ ಕೇಳಿದವರಿಗೆ 50 ಮೂಟೆ ಕಳಿಸಿದ ಕಥೆ

ಎಐ ಏಜೆಂಟ್‌ಗೆ ಟೂಲ್ (ಕೆಲಸ ಮಾಡಿಸಲು ಅದು ಕರೆಯುವ ಪ್ರೋಗ್ರಾಂ) ಬರೆಯುವವರೇ, ಕೋಡ್ ಎಲ್ಲ ಮುಗಿದ ಮೇಲೆ ಕೊನೇ ಐದು ನಿಮಿಷದಲ್ಲಿ ಅದರ ಡಿಸ್ಕ್ರಿಪ್ಷನ್, ಅಂದರೆ ವಿವರಣೆ, ಗೀಚಿ ಕೈತೊಳೆದುಕೊಳ್ಳುವ ಅಭ್ಯಾಸ ಇದ್ದರೆ ಇದನ್ನು ಓದಿ. ನಾನೂ ಹಾಗೇ ಗೀಚಿದವನು.

ದಿನಸಿ ಸಗಟು ವ್ಯಾಪಾರಿಯೊಬ್ಬರಿಗೆ ಆರ್ಡರ್ ತೆಗೆದುಕೊಳ್ಳುವ ಏಜೆಂಟ್ ಮಾಡಿಕೊಟ್ಟಿದ್ದೆವು. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲೇ ಬರೆದರೆ ಸಾಕು, ಮಿಕ್ಕಿದ್ದು ಏಜೆಂಟ್ ನೋಡಿಕೊಳ್ಳುತ್ತಿತ್ತು. ಡೆಮೊ ದಿನ ಚಪ್ಪಾಳೆಯೋ ಚಪ್ಪಾಳೆ. ಮೂರನೇ ವಾರ ಒಂದು ಮೆಸ್‌ನವರು ‘ಸೋನಾ ಮಸೂರಿ 50 ಕೆಜಿ ಕಳಿಸಿ’ ಅಂತ ಬರೆದರು. ಮರುದಿನ ಬೆಳಿಗ್ಗೆ ಅವರ ಬಾಗಿಲಿಗೆ 50 ಮೂಟೆ ಬಂದು ನಿಂತಿತು. ಮೂಟೆಗೆ 25 ಕೆಜಿ, ಒಟ್ಟು ಹನ್ನೆರಡೂವರೆ ಕ್ವಿಂಟಲ್. ಮೆಸ್ ಇದ್ದದ್ದು ಮೊದಲನೇ ಮಹಡಿಯಲ್ಲಿ. ಹಮಾಲರು ಹದಿನೆಂಟು ಮೂಟೆ ಹತ್ತಿಸಿದ ಮೇಲೆ ಯಜಮಾನರಿಗೆ ಎಚ್ಚರವಾಯಿತಂತೆ. ಇಳಿಸಿದ ಕೂಲಿ, ವಾಪಸ್ ತಂದ ಗಾಡಿ ಬಾಡಿಗೆ ಎಲ್ಲ ನಮ್ಮ ತಲೆಗೇ ಬಂತು.

ಮೊದಲು ನಾವು ಬೈದದ್ದು ಏಜೆಂಟ್‌ನ ಮಿದುಳಾದ ಎಐ ಮಾಡೆಲನ್ನು. ಇನ್ನೂ ದುಬಾರಿ ಮಾಡೆಲ್ ಹಾಕಿ ಅದೇ ಮೆಸೇಜ್ ಕೊಟ್ಟೆವು. ಮತ್ತೆ 50 ಮೂಟೆ. ಆಮೇಲೆ ಮಾಡೆಲ್‌ಗೆ ಮೊದಲೇ ಕೊಡುವ ಸೂಚನೆಯಲ್ಲಿ, ಅಂದರೆ ಸಿಸ್ಟಮ್ ಪ್ರಾಂಪ್ಟ್‌ನಲ್ಲಿ, ‘ಪ್ರಮಾಣದ ಬಗ್ಗೆ ಬಹಳ ಬಹಳ ಎಚ್ಚರ’ ಅಂತ ಸೇರಿಸಿದೆವು. ಅದು ಎಷ್ಟು ಎಚ್ಚರವಾಯಿತೆಂದರೆ, ಒಂದು ಡಬ್ಬಿ ಇಂಗು ಕೇಳಿದವರಿಗೂ ‘ಖಂಡಿತ ಒಂದೇ ಡಬ್ಬಿ ತಾನೇ?’ ಅಂತ ಎರಡೆರಡು ಸಲ ಕೇಳತೊಡಗಿತು. ಅಕ್ಕಿ ಮಾತ್ರ ಮೂಟೆಗಟ್ಟಲೆಯೇ ಹೋಗುತ್ತಿತ್ತು.

ಆಮೇಲಷ್ಟೇ ಟೂಲ್‌ನ ವಿವರಣೆ ತೆಗೆದು ನೋಡಿದೆ. ಹೆಸರು ‘ಕ್ರಿಯೇಟ್ ಆರ್ಡರ್’. ವಿವರಣೆ ‘ಆರ್ಡರ್ ಮಾಡುತ್ತದೆ’. ಪ್ಯಾರಾಮೀಟರ್ (ಟೂಲ್‌ಗೆ ತುಂಬಿಕೊಡಬೇಕಾದ ಮಾಹಿತಿ) ‘ಕ್ವಾಂಟಿಟಿ’, ಅದರ ಟೈಪ್ ನಂಬರ್. ಅಷ್ಟೇ. ನಮ್ಮ ಡೇಟಾಬೇಸ್‌ನಲ್ಲಿ ಅಕ್ಕಿಯ ಕ್ವಾಂಟಿಟಿ ಎಂದರೆ ಮೂಟೆ. ಗೋದಾಮಿನ ಹುಡುಗನಿಗೂ ಅದು ಗೊತ್ತು, ಕೋಡ್ ಬರೆದ ನನಗೂ ಗೊತ್ತು. ಮಾಡೆಲ್‌ಗೆ ಗೊತ್ತಾಗುವುದು ಹೇಗೆ? ಟೂಲ್‌ನ ಒಳಗಿನ ಕೋಡ್ ಅದಕ್ಕೆ ಕಾಣುವುದೇ ಇಲ್ಲ. ಕಾಣುವುದು ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ ಸ್ಕೀಮಾ (ಯಾವುದು ಯಾವ ಬಗೆಯದು ಎಂಬ ಪಟ್ಟಿ), ಇಷ್ಟೇ. ಓಪನ್‌ಎಐ 2023ರ ಜೂನ್‌ನಲ್ಲಿ ತನ್ನ ಎಪಿಐಗೆ ಫಂಕ್ಷನ್ ಕಾಲಿಂಗ್ (ಮಾಡೆಲ್ ಟೂಲ್ ಕರೆಯುವ ಸೌಲಭ್ಯ) ತಂದಾಗಲೂ ಹೀಗೇ ಇತ್ತು, 2024ರ ನವೆಂಬರ್‌ನಲ್ಲಿ ಆಂತ್ರೊಪಿಕ್ ಎಂಸಿಪಿ (ಏಜೆಂಟ್‌ಗೆ ಟೂಲ್ ಜೋಡಿಸುವ ಸಾಮಾನ್ಯ ಮಾನದಂಡ) ಬಿಟ್ಟ ಮೇಲೂ ಹೀಗೇ ಇದೆ.

ವಿವರಣೆ ಅಷ್ಟು ಗಿಡ್ಡ ಇದ್ದದ್ದಕ್ಕೂ ಕಾರಣವಿತ್ತು. ಪ್ರತಿ ರಿಕ್ವೆಸ್ಟ್ ಜೊತೆಗೂ ಎಲ್ಲ ಟೂಲ್‌ಗಳ ವಿವರಣೆ ಹೋಗುತ್ತದೆ, ಟೋಕನ್ (ಮಾಡೆಲ್ ಓದುವ ಪದದ ತುಣುಕು, ದುಡ್ಡು ಕಟ್ಟುವುದು ಅದರ ಮೇಲೆ) ಲೆಕ್ಕ ಏರುತ್ತದೆ. ಅದನ್ನು ಉಳಿಸೋಣ ಅಂತ ನಾನೇ ಕತ್ತರಿ ಆಡಿಸಿದ್ದೆ. ಉಳಿದ ಟೋಕನ್ ಕಾಸು ಗಾಡಿಯವನ ಟೀ ಖರ್ಚಿಗೂ ಆಗುತ್ತಿರಲಿಲ್ಲ.

ಈಗ ಕ್ವಾಂಟಿಟಿ ಎಂಬ ಪ್ಯಾರಾಮೀಟರೇ ಇಲ್ಲ. ‘ಮೂಟೆ ಸಂಖ್ಯೆ’ ಅಂತ ಹೆಸರಿನಲ್ಲೇ ಅಳತೆ ಇದೆ, ಟೈಪ್ ಪೂರ್ಣಾಂಕ. ವಿವರಣೆ ಹೀಗಿದೆ: ‘ಹೊಸ ಆರ್ಡರ್ ದಾಖಲಿಸುತ್ತದೆ, ಗೋದಾಮಿಗೆ ತಕ್ಷಣ ಹೋಗುತ್ತದೆ. ಅಕ್ಕಿಯ ಒಂದು ಮೂಟೆ 25 ಕೆಜಿ. ಗಿರಾಕಿ ಕೆಜಿಯಲ್ಲಿ ಹೇಳಿದರೆ 25ರಿಂದ ಭಾಗಿಸು. ಸರಿಯಾಗಿ ಭಾಗವಾಗದಿದ್ದರೆ, ಅಥವಾ ಸೇರು, ಪಾವಿನ ಲೆಕ್ಕದಲ್ಲಿ ಹೇಳಿದರೆ, ಆರ್ಡರ್ ಹಾಕದೆ ಗಿರಾಕಿಯನ್ನೇ ಕೇಳು. ಹಳೆಯ ಆರ್ಡರ್ ತಿದ್ದಲು ಇದನ್ನು ಬಳಸಬೇಡ.’ ಆ ಕೊನೇ ವಾಕ್ಯವನ್ನು ಬರೆಯಲು ಮರೆಯಬೇಡಿ. ಏನು ಮಾಡುತ್ತದೆ ಎಂದು ಎಲ್ಲರೂ ಬರೆಯುತ್ತಾರೆ, ಯಾವಾಗ ಮುಟ್ಟಬಾರದು ಎಂದು ಬರೆಯುವವರು ಕಡಿಮೆ. ನಮ್ಮಲ್ಲಿ ‘ಸ್ಟಾಕ್ ನೋಡು’, ‘ದಾಸ್ತಾನು ತಿಳಿ’ ಅಂತ ಎರಡು ಟೂಲ್ ಇದ್ದವು. ಒಂದು ಈ ಕ್ಷಣದ ಲೆಕ್ಕ, ಇನ್ನೊಂದು ನಿನ್ನೆ ರಾತ್ರಿಯದು. ಏಜೆಂಟ್ ಮನಸ್ಸಿಗೆ ಬಂದದ್ದನ್ನು ಕರೆಯುತ್ತಿತ್ತು. ಎರಡನೆಯದನ್ನು ಕಿತ್ತುಹಾಕಿದ ಮೇಲೆ ಆ ತಂಟೆ ತಪ್ಪಿತು.

ಟೂಲ್ ವಾಪಸ್ ಕೊಡುವ ಎರರ್ ಮೆಸೇಜ್ ಕೂಡ ವಿವರಣೆಯ ಭಾಗವೇ ಅಂತ ಗೊತ್ತಾಗಲು ಇನ್ನೊಂದು ಪೆಟ್ಟು ತಿನ್ನಬೇಕಾಯಿತು. ಒಂದು ದಿನ ಸರ್ವರ್ ನಿಧಾನವಾಗಿ ‘ಟೈಮ್‌ಔಟ್’ (ಸಮಯ ಮೀರಿತು) ಅಂತ ಒಂದೇ ಪದ ಬಂತು. ಆರ್ಡರ್ ಒಳಗೆ ದಾಖಲಾಗಿಯೇ ಇತ್ತು. ಏಜೆಂಟ್ ಪಾಪ, ಆಗಿಲ್ಲವೇನೋ ಅಂತ ಮತ್ತೆರಡು ಸಲ ಪ್ರಯತ್ನಿಸಿತು. ಒಂದೇ ತೊಗರಿಬೇಳೆ ಮೂರು ಬಿಲ್ ಆಯಿತು. ಈಗ ಎರರ್‌ನಲ್ಲಿ ‘ಆರ್ಡರ್ ದಾಖಲಾಗಿರಬಹುದು, ಮತ್ತೆ ಹಾಕುವ ಮೊದಲು ಆರ್ಡರ್ ಪಟ್ಟಿ ನೋಡು’ ಅಂತಿದೆ. ಜೊತೆಗೆ ಒಂದೇ ಆರ್ಡರ್ ಎರಡನೇ ಸಲ ಬಂದರೆ ಸರ್ವರೇ ತಳ್ಳಿಹಾಕುವಂತೆ ಮಾಡಿದ್ದೇವೆ, ಬರೀ ಮಾತನ್ನೇ ನಂಬಿ ಕೂತಿಲ್ಲ. ಎಂಸಿಪಿಯಲ್ಲಿ ಟೂಲ್ ಅಪಾಯಕಾರಿಯೇ ಅಂತ ಗುರುತು ಹಾಕುವ ಸೌಲಭ್ಯವಿದೆ. ಆದರೆ ಅದು ಬರೀ ಸೂಚನೆ, ಬೀಗವಲ್ಲ.

ಈಗ ಹೊಸ ಟೂಲ್ ಬಂದಾಗ ಅದರ ವಿವರಣೆಯನ್ನಷ್ಟೇ ಮುದ್ರಿಸಿ, ಅಕೌಂಟ್ಸ್‌ಗೆ ಹೊಸದಾಗಿ ಸೇರಿದವರ ಕೈಗೆ ಕೊಡುತ್ತೇವೆ. ಅವರಿಗೆ ಕೋಡ್ ಬರುವುದಿಲ್ಲ, ಗೋದಾಮಿನ ರೂಢಿಯೂ ಗೊತ್ತಿಲ್ಲ. ಗಿರಾಕಿಗಳ ಹತ್ತು ಮೆಸೇಜ್ ಕೊಟ್ಟು, ಯಾವ ಟೂಲ್, ಎಷ್ಟು ಅಂತ ಬರೆಸುತ್ತೇವೆ. ಹೋದ ವಾರ ಅವರು ‘ಡೆಲಿವರಿ ದಿನಾಂಕ 05/06’ ಮುಂದೆ ಪೆನ್ನು ಹಿಡಿದು ಕೂತು, ‘ಸರ್, ಇದು ಜೂನ್ ಐದೋ, ಮೇ ಆರೋ?’ ಅಂದರು.