ಎಳೆಬಿಸಿಲೇ, ಮರದ ನೆರಳೇ, ಶೇಡ್ ನೆಟ್ಟೇ: ಆರ್ಕಿಡ್ ಗಿಡವನ್ನು ಹೊರಬೆಳಕಿಗೆ ಒಗ್ಗಿಸುವ ಮೂರು ಕ್ರಮಗಳ ಹೋಲಿಕೆ

ಕಿಟಕಿಯ ಪಕ್ಕದಲ್ಲಿ ಬೆಳೆದ ಆರ್ಕಿಡ್ ಗಿಡವನ್ನು ಹೊರಗಿನ ಪ್ರಖರ ಬೆಳಕಿಗೆ ಒಗ್ಗಿಸಲು ಮೂರು ಕ್ರಮಗಳು ರೂಢಿಯಲ್ಲಿವೆ. ಬೆಳಗಿನ ಎಳೆಬಿಸಿಲಿನಲ್ಲಿಟ್ಟು ಅವಧಿಯನ್ನು ದಿನೇ ದಿನೇ ಹೆಚ್ಚಿಸುವುದು ಒಂದು, ಮರದ ಕೊಂಬೆಯ ಕೆಳಗೆ ತೂಗುಹಾಕುವುದು ಇನ್ನೊಂದು, ಬಿಸಿಲನ್ನು ತಡೆಯುವ ಬಲೆಯಾದ ಶೇಡ್ ನೆಟ್‌ನ ಅಡಿಯಲ್ಲಿಟ್ಟು ಪದರಗಳನ್ನು ಕಡಿಮೆ ಮಾಡುತ್ತ ಹೋಗುವುದು ಮತ್ತೊಂದು. ಈ ಮೂರನ್ನೂ ನಾನು ಫೆಲನಾಪ್ಸಿಸ್, ಕ್ಯಾಟ್ಲಿಯಾ ಮತ್ತು ವಾಂಡಾ ಗಿಡಗಳ ಮೇಲೆ ಪ್ರಯೋಗಿಸಿ ನೋಡಿದ್ದೇನೆ. ಬೆಳಕಿನಷ್ಟೇ ಎಲೆಯೊಳಗೆ ಕೂಡಿಕೊಳ್ಳುವ ಕಾವೂ ಗಿಡವನ್ನು ಕೆಡಿಸುತ್ತದೆ. ಆದ್ದರಿಂದ ಈ ಎರಡನ್ನೂ ಒಟ್ಟಿಗೆ ಹಿಡಿತದಲ್ಲಿಡುವ ಕ್ರಮವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣ ಈ ಗಿಡಗಳ ಸ್ವಭಾವದಲ್ಲಿಯೇ ಇದೆ. ದಪ್ಪ ಎಲೆಯ ಈ ಮೂರೂ ಬಗೆಯ ಆರ್ಕಿಡ್‌ಗಳು ನೀರನ್ನು ಉಳಿಸಿಕೊಳ್ಳಲು ಹಗಲಿನ ಬಹುಪಾಲು ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತವೆ. ಹೀಗಾಗಿ ಉಳಿದ ಗಿಡಗಳಂತೆ ನೀರಾವಿಯನ್ನು ಹೊರಬಿಟ್ಟು ಎಲೆಯನ್ನು ತಂಪಾಗಿಸಿಕೊಳ್ಳುವ ಅನುಕೂಲ ನಡುಹಗಲಿನಲ್ಲಿ ಇವಕ್ಕೆ ಅಷ್ಟಾಗಿ ಇಲ್ಲ, ಮತ್ತು ಗಾಳಿಯಾಡದ ಮೂಲೆಯಲ್ಲಿಟ್ಟರೆ ಎಲೆಯ ಕಾವು ಸುತ್ತಲಿನ ಗಾಳಿಯ ಕಾವನ್ನು ಬಹಳ ಬೇಗ ಮೀರುತ್ತದೆ. ಬಿಸಿಲಿಗೆ ಸುಟ್ಟ ಫೆಲನಾಪ್ಸಿಸ್ ಎಲೆಯನ್ನು ಹತ್ತಿರದಿಂದ ನೋಡಿದರೆ ಕಲೆ ಹೆಚ್ಚಾಗಿ ಎಲೆ ಬಾಗಿರುವ ಎತ್ತರದ ಭಾಗದಲ್ಲಿ, ಅಂದರೆ ಕಿರಣಗಳು ನೇರವಾಗಿ ಬೀಳುವಲ್ಲಿ ಕಾಣುತ್ತದೆ. ಮೊದಲು ಬಣ್ಣಗೆಟ್ಟು ಬಿಳಿಚಿಕೊಳ್ಳುವ ಆ ಜಾಗ, ಆಮೇಲೆ ಕಂದು ಅಂಚಿನ ಒಣ ಕಾಗದದಂತಾಗುತ್ತದೆ. ಅದು ಮತ್ತೆ ಹಸಿರಾಗುವುದಿಲ್ಲ.

ಎಳೆಬಿಸಿಲಿನ ಕ್ರಮಕ್ಕೆ ಯಾವ ಸಲಕರಣೆಯೂ ಬೇಡ. ಬೆಳಗಿನ ಗಾಳಿ ತಂಪಾಗಿರುವುದರಿಂದ ಎಲೆ ಕಾಯುವುದೂ ಕಡಿಮೆ. ಮೊದಲು ಅರ್ಧ ಗಂಟೆಯಿಂದ ಶುರುಮಾಡಿ ಎರಡು ಮೂರು ವಾರಗಳಲ್ಲಿ ಕೆಲವು ಗಂಟೆಗಳವರೆಗೆ ತಂದರೆ ಗಿಡ ಚೆನ್ನಾಗಿಯೇ ಒಗ್ಗುತ್ತದೆ. ಆದರೆ ಎಲ್ಲವೂ ಮನುಷ್ಯನ ನೆನಪಿನ ಮೇಲೆ ನಿಂತಿದೆ: ಕುಂಡವನ್ನು ನೆರಳಿಗೆ ಸರಿಸುವುದು ಒಂದು ದಿನ ತಡವಾದರೂ ಅಷ್ಟು ದಿನಗಳ ಶ್ರಮ ವ್ಯರ್ಥ. ಒಂದೆರಡು ಕುಂಡಗಳಿದ್ದು, ಹಗಲಿಡೀ ಮನೆಯಲ್ಲಿರುವವರಿಗೆ ಮಾತ್ರ ಇದನ್ನು ಒಪ್ಪಬಹುದು.

ಮರದ ನೆರಳು ಕಣ್ಣಿಗೆ ಅತ್ಯಂತ ಸಹಜವಾದ ತಾಣ, ಏಕೆಂದರೆ ಕಾಡಿನಲ್ಲಿ ಇವು ಬೆಳೆಯುವುದೂ ಮರದ ಮೇಲೆಯೇ. ಗಾಳಿಯೂ ಧಾರಾಳವಾಗಿ ಆಡುತ್ತದೆ. ತೊಡಕೆಂದರೆ ನೆರಳು ಒಂದೇ ಸಮನಾಗಿರುವುದಿಲ್ಲ. ಬೆಳಿಗ್ಗೆ ನೋಡಿದಾಗ ದಟ್ಟ ನೆರಳಿದ್ದ ಕಡೆ ನಡುಮಧ್ಯಾಹ್ನ ಕೊಂಬೆಗಳ ನಡುವಿನ ಒಂದೇ ಕಿಂಡಿಯಿಂದ ಬಿಸಿಲು ಬಂದು ಅದೇ ಎಲೆಯ ಮೇಲೆ ಬಹಳ ಹೊತ್ತು ನಿಲ್ಲಬಹುದು. ಮರ ಎಲೆ ಉದುರಿಸಿದರೆ ಅಥವಾ ಋತು ಬದಲಾಗಿ ಸೂರ್ಯನ ಪಥ ಸರಿದರೆ ಹಿಂದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಬಸವನಹುಳು, ಇರುವೆಗಳ ಕಾಟ ಬೇರೆ.

ಶೇಡ್ ನೆಟ್‌ನ ದೊಡ್ಡ ಗುಣ, ಬೆಳಕನ್ನು ಅಳತೆಯಲ್ಲಿ ಕೊಡಬಹುದು ಎಂಬುದು. ಬಯಲಿನ ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಇರುತ್ತದೆ. ಫೆಲನಾಪ್ಸಿಸ್‌ಗೆ 10,000ದಿಂದ 15,000, ಕ್ಯಾಟ್ಲಿಯಾಗೆ 20,000ದಿಂದ 30,000 ಲಕ್ಸ್ ಸಾಕು, ವಾಂಡಾಗೆ ಇನ್ನೂ ಹೆಚ್ಚು ಬೇಕು. ಬಿಸಿಲಿನ ಶೇ. 75ರಷ್ಟನ್ನು ತಡೆಯುವ ನೆಟ್‌ನ ಮೇಲೆ ಶೇ. 50ರ ನೆಟ್ ಹಾಕಿದರೆ ಒಳಗೆ ಬರುವುದು ಬಿಸಿಲಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 12,500 ಲಕ್ಸ್. ಎಲ್ಲ ಗಿಡಗಳನ್ನೂ ಅಲ್ಲಿಂದಲೇ ಆರಂಭಿಸಿ, ಫೆಲನಾಪ್ಸಿಸ್ ಅನ್ನು ಅಲ್ಲಿಯೇ ಉಳಿಸಿಕೊಂಡು, ಕ್ಯಾಟ್ಲಿಯಾ ಇರುವ ಕಡೆ ಮೇಲಿನ ಪದರವನ್ನು ತೆಗೆದರೆ ಅದಕ್ಕೆ ಬೇಕಾದ 25,000 ಲಕ್ಸ್ ತಾನಾಗಿಯೇ ಸಿಗುತ್ತದೆ. ವಾಂಡಾವನ್ನು ಕೊನೆಗೆ ಶೇ. 50ರ ನೆಟ್ ಒಂದರ ಕೆಳಕ್ಕೆ ತರಬಹುದು. ಮೋಡ ಕವಿದ ದಿನಗಳ ಬೆನ್ನಿಗೇ ಆಕಾಶ ಒಮ್ಮೆಲೇ ತಿಳಿಯಾದಾಗ ಬೇರೆ ಕ್ರಮಗಳಲ್ಲಿ ಒಗ್ಗಿದ ಗಿಡಗಳೂ ಸುಟ್ಟುಕೊಳ್ಳುತ್ತವೆ, ನೆಟ್‌ನ ಅಡಿಯಲ್ಲಿ ಆ ಅಪಾಯ ಬಹಳ ಕಡಿಮೆ. ಒಂದು ಎಚ್ಚರಿಕೆ ಮಾತ್ರ ಬೇಕು: ಕಪ್ಪು ನೆಟ್ ತಾನೇ ಕಾಯುವುದರಿಂದ ಅದನ್ನು ಗಿಡಗಳಿಂದ ಎರಡು ಅಡಿಯಾದರೂ ಮೇಲೆ ಕಟ್ಟಿ, ಪಕ್ಕಗಳನ್ನು ಗಾಳಿಗೆ ತೆರೆದಿಡಬೇಕು. ಹೊರಗೆ ಬೇರು ಬೇಗ ಒಣಗುವುದರಿಂದ ನೀರನ್ನೂ ಹೆಚ್ಚಿಸಬೇಕಾಗುತ್ತದೆ.

ಹೀಗಾಗಿ ಹತ್ತಾರು ಗಿಡಗಳಿರುವವರಿಗೆ ನಾನು ನಿಸ್ಸಂಕೋಚವಾಗಿ ನೆಟ್ ಅನ್ನೇ ಹೇಳುತ್ತೇನೆ. ಯಾವ ಕ್ರಮವನ್ನು ಹಿಡಿದರೂ ಮಧ್ಯಾಹ್ನ ಒಮ್ಮೆ ಎಲೆಯನ್ನು ಬೆರಳುಗಳ ನಡುವೆ ಹಿಡಿದು ನೋಡಿ. ಸುತ್ತಲಿನ ಗಾಳಿಗಿಂತ ಬಿಸಿಯೆನಿಸಿದರೆ ಆ ಹೊತ್ತಿಗೇ ನೆರಳನ್ನು ಹೆಚ್ಚಿಸಬೇಕು. ಕ್ಯಾಟ್ಲಿಯಾ, ವಾಂಡಾ ಎಲೆಗಳಲ್ಲಿ ಕೆನ್ನೇರಳೆ ಚುಕ್ಕೆಗಳು ಮೂಡಿದರೆ ಗಾಬರಿ ಬೇಡ, ಅದು ಗಿಡವೇ ತಯಾರಿಸಿಕೊಳ್ಳುವ ರಕ್ಷಣೆ. ಹಸಿರು ಹಳದಿಗೆ ತಿರುಗಿದರೆ ಮಾತ್ರ ಬೆಳಕು ಮಿತಿಮೀರುತ್ತಿದೆ ಎಂದು ತಿಳಿಯಬೇಕು. ಕುಂಡದ ಒಂದು ಬದಿಗೆ ಗುರುತು ಹಾಕಿ, ಸರಿಸಿದಾಗಲೆಲ್ಲ ಅದೇ ಬದಿ ಬೆಳಕಿಗೆ ಮುಖಮಾಡುವಂತೆ ಇಡುವುದು ಒಳ್ಳೆಯದು, ಏಕೆಂದರೆ ನೆರಳಿನಲ್ಲಿದ್ದ ಎಲೆಯ ಬದಿ ಒಮ್ಮೆಲೇ ಬಿಸಿಲಿಗೆ ತಿರುಗಿದರೆ ಒಗ್ಗಿಸುವ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಒಳಗೆ ಬೆಳೆದ ಹಳೆಯ ಎಲೆಗಳು ಒಂದು ಮಿತಿಯವರೆಗಷ್ಟೇ ಒಗ್ಗುತ್ತವೆ; ಹೊರಬೆಳಕಿನಲ್ಲಿ ಹುಟ್ಟಿದ ಹೊಸ ಎಲೆ ಪೂರ್ತಿ ಬಲಿಯುವವರೆಗೆ ಮುಂದಿನ ಪದರವನ್ನು ತೆಗೆಯದಿರುವುದು ಕ್ಷೇಮ.