ಅಪ್ಪನ ಕೈಗೆ ಕಟ್ಟಿದ ಆಕ್ಸಿಜನ್ ವಾಚ್

ಅಪ್ಪನಿಗೆ ಹಳೇ ಉಬ್ಬಸ. ಮೈಸೂರಿನ ಡಿಸೆಂಬರ್ ಚಳಿಗೆ ರಾತ್ರಿ ಹೊತ್ತು ಜಾಸ್ತಿಯಾಗುತ್ತದೆ ಅಂತ ದೇವರಾಜ ಅರಸು ರಸ್ತೆಯಿಂದ ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಈ ವಾಚ್ ತಂದೆ. ಮೊದಲ ವಾರವೇ ಬೆಳಗಿನ ಜಾವ ಆಕ್ಸಿಜನ್ ಶೇಕಡಾ 88 ಅಂತ ತೋರಿಸಿತು, ಎಲ್ಲರೂ ಹೆದರಿಬಿಟ್ಟೆವು. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ನೋಡಿದರೆ 96! ಕೈ ತಣ್ಣಗಿತ್ತು, ಪಟ್ಟಿ ಸಡಿಲವಾಗಿತ್ತು. ವಾಚು ಚರ್ಮದಿಂದ ವಾಪಸ್ ಬರುವ ಬೆಳಕನ್ನು ಓದುತ್ತದೆ, ಆಕ್ಸಿಮೀಟರ್ ಬೆರಳಿನ ಮೂಲಕವೇ ಬೆಳಕು ಹಾಯಿಸುತ್ತದೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ಈಗ ಪಟ್ಟಿ ಬಿಗಿ ಮಾಡಿ, ಕೈ ಮೇಜಿನ ಮೇಲಿಟ್ಟು, ಅರ್ಧ ನಿಮಿಷ ಅಲ್ಲಾಡದೆ ಕೂತರೆ ಎರಡೂ ಹೆಚ್ಚುಕಡಿಮೆ ಒಂದೇ ತೋರಿಸುತ್ತವೆ. ರಾತ್ರಿಯ ಏರಿಳಿತ ನೋಡಲು ಚೆನ್ನಾಗಿದೆ. ಆದರೆ ಉಸಿರು ಕಟ್ಟಿದರೆ ವಾಚ್ ಏನೇ ಹೇಳಲಿ, ಸುಮ್ನೆ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಬ್ಯಾಟರಿ ಮಾತ್ರ ಎರಡೇ ದಿನ.