ಜೆಡ್/ಓಎಸ್ ಡೌನ್‌ಲೋಡ್‌ಗೆ ಜಾಗ: ಆರ್ಡರ್‌ಗೊಂದು ಜೆಡ್‌ಎಫ್‌ಎಸ್ಸೋ, ಎಲ್ಲಕ್ಕೂ ಒಂದೋ?

ಜೆಡ್/ಓಎಸ್ ಎಂದರೆ ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್; ಅದಕ್ಕೆ ಆರ್ಡರ್ ಮಾಡಿದ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಜಾಗ ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್. ದೊಡ್ಡ ಪ್ರಾಡಕ್ಟ್ ಆರ್ಡರ್ ಅಪರೂಪಕ್ಕೆ ಬರುವುದಾದರೆ ಅದಕ್ಕೇ ಪ್ರತ್ಯೇಕ ಜೆಡ್‌ಎಫ್‌ಎಸ್ ಮಾಡಿ. ಐಡಿಕ್ಯಾಮ್ಸ್‌ನಲ್ಲಿ (ಡೇಟಾಸೆಟ್ ಸೃಷ್ಟಿಸುವ ಯುಟಿಲಿಟಿ) ಡಿಫೈನ್, ಆಮೇಲೆ ಫಾರ್ಮ್ಯಾಟ್, ಮೌಂಟ್ ಎಂದು ಪ್ರತಿಸಲ ಕೆಲಸ ಹೆಚ್ಚು. ಆದರೆ ಇನ್‌ಸ್ಟಾಲ್ ಮುಗಿದ ಮೇಲೆ ಅನ್‌ಮೌಂಟ್ ಮಾಡಿ ಅಳಿಸಿದರೆ ಡಿಸ್ಕ್ ಪೂರ್ತಿ ವಾಪಸ್.

ಪಿಟಿಎಫ್‌ಗಳನ್ನು (ದೋಷ ಸರಿಪಡಿಸುವ ಪ್ಯಾಚ್‌ಗಳು) ಪದೇಪದೇ ತರುವವರಿಗೆ ಹಂಚಿಕೆಯ ಒಂದೇ ಜೆಡ್‌ಎಫ್‌ಎಸ್ ಸಲೀಸು. ಬಿಪಿಎಕ್ಸ್‌ಪಿಆರ್‌ಎಂ ಎಂಬ ಯುನಿಕ್ಸ್ ಸೆಟ್ಟಿಂಗ್ ಮೆಂಬರ್‌ನಲ್ಲಿ ಬರೆದಿಟ್ಟರೆ ಐಪಿಎಲ್ (ಸಿಸ್ಟಮ್ ಬೂಟ್) ಆದಾಗ ತಾನೇ ಮೌಂಟ್ ಆಗುತ್ತದೆ. ಹಳೆಯ ಪ್ಯಾಕೇಜ್ ಅಳಿಸುವ ಹೊಣೆ ಯಾರಿಗೂ ಇಲ್ಲದಿದ್ದರೆ ಮಾತ್ರ ತುಂಬಿಹೋಗಿ ಡೌನ್‌ಲೋಡ್ ನಡುವೆಯೇ ನಿಲ್ಲುತ್ತದೆ. ಮೌಂಟ್‌ನಲ್ಲಿ ತುಂಬಿದಾಗ ತಾನೇ ಬೆಳೆಯಲಿ ಎನ್ನುವ AGGRGROW ಕೊಟ್ಟರೂ, ಡಿಫೈನ್ ಮಾಡುವಾಗ ಹೆಚ್ಚುವರಿಯಾಗಿ ಕೊಡುವ ಸೆಕೆಂಡರಿ ಜಾಗ ಸೊನ್ನೆಯಾಗಿದ್ದರೆ ಬೆಳೆಯದು. ಇದನ್ನು ಮೊದಲೇ ನೋಡಿ.

4 ಜಿಬಿ ದಾಟುವುದಾದರೆ ಎರಡಕ್ಕೂ ಎಕ್ಸ್‌ಟೆಂಡೆಡ್ ಅಡ್ರೆಸೆಬಿಲಿಟಿ (4 ಜಿಬಿ ಮೀರಲು ಬಿಡುವ ಸೌಲಭ್ಯ) ಇರುವ ಡೇಟಾ ಕ್ಲಾಸ್, ಅಂದರೆ ಡೇಟಾಸೆಟ್‌ನ ಗುಣಗಳ ಪೂರ್ವನಿಗದಿತ ಪಟ್ಟಿ, ಬೇಕು. ಟಿಎಫ್‌ಎಸ್ (ತಾತ್ಕಾಲಿಕ ಫೈಲ್ ಸಿಸ್ಟಮ್) ಮೇಲಿನ ಟೆಂಪ್ ಡೈರೆಕ್ಟರಿಗೆ ಇಳಿಸುವುದು ಬೇಡ: ಅದು ಮೆಮೊರಿಯಲ್ಲಿರುವುದು, ಐಪಿಎಲ್ ಆದರೆ ಇಳಿಸಿದ್ದೆಲ್ಲ ಹೋಯಿತು.